ಮದುವೆಗೆ ಕರೆದರೆ, ಸಾವಿಗೆ ಕರೆಯದಿದ್ದರೂ

ಕಾಂಬೋಡಿಯಾ ನೋಡಿ ಬಂದ ನಮ್ಮವರ ಬಾಯಲ್ಲಿ ಒಂದು ಮಾತು ಗ್ಯಾರಂಟಿ: 'ಅಲ್ಲಿರೋದೆಲ್ಲ ನಮ್ದೇ ಕಣ್ರೀ.' ಬೆಂಗಳೂರಿಂದ ಹೊರಟ ನಮ್ಮ ಹದಿನೆಂಟು ಜನರ ಗುಂಪಿನಲ್ಲೂ ಆಂಕೋರ್‌ನಲ್ಲಿದ್ದ ನಾಲ್ಕು ದಿನ ಇದೇ ಪಲ್ಲವಿ. ಹಾಗನ್ನಿಸೋದು ಸಹಜ ಬಿಡಿ. ಆಂಕೋರ್‌ವಾಟ್‌ನ ಪೂರ್ವದ ಪಡಸಾಲೆಯಲ್ಲಿ ಸುಮಾರು 49 ಮೀಟರ್ ಉದ್ದಕ್ಕೆ ಸಮುದ್ರಮಥನ, ಪಶ್ಚಿಮಕ್ಕೆ ಬಂದರೆ ಕುರುಕ್ಷೇತ್ರ, ಶರಶಯ್ಯೆಯಲ್ಲಿ ಭೀಷ್ಮ. ಗೈಡ್ ಬಾಯಿ ತೆರೆಯೋ ಮೊದಲೇ ನಾವೇ ಕಥೆ ಹೇಳಿಬಿಡ್ತಿದ್ವಿ. ಅದನ್ನು ಕಟ್ಟಿಸಿದ ಎರಡನೇ ಸೂರ್ಯವರ್ಮ ಪಟ್ಟಕ್ಕೆ ಬಂದದ್ದು 1113ರಲ್ಲಿ. ನಮ್ಮ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಎಲ್ಲಿಯ ಯಗಚಿ, ಎಲ್ಲಿಯ ಮೆಕಾಂಗ್! ಮೈ ಜುಂ ಅನ್ನುತ್ತೆ.

ಕೊನೆಯ ಎರಡು ದಿನ ನಾಮ್‌ಪೆನ್‌ನಲ್ಲಿ. ಪಲ್ಲವಿ ಅಲ್ಲಿ ನಿಂತುಹೋಯಿತು.

ತುವಾಲ್ ಸ್ಲೆಂಗ್ ಮೊದಲು ಹೈಸ್ಕೂಲು. 1975ರ ಏಪ್ರಿಲ್‌ನಲ್ಲಿ ಖ್ಮೇರ್ ರೂಜ್ ರಾಜಧಾನಿ ಹಿಡಿದ ಮೇಲೆ ಅದು ಎಸ್-21 ಎಂಬ ಜೈಲಾಯಿತು. ಕ್ಲಾಸ್‌ರೂಮಿನೊಳಗೇ ಇಟ್ಟಿಗೆ ಗೋಡೆ ಎಬ್ಬಿಸಿ, ಒಬ್ಬರು ಮುದುಡಿ ಮಲಗುವಷ್ಟು ಗೂಡುಗಳನ್ನು ಮಾಡಿದ್ದಾರೆ. ಕಾರಿಡಾರಿನ ಮುಂದೆ ಮೇಲಿಂದ ಕೆಳಗಿನವರೆಗೆ ಮುಳ್ಳುತಂತಿ, ಕೈದಿಗಳು ಹಾರಿ ಪ್ರಾಣ ಕಳೆದುಕೊಳ್ಳದಿರಲಿ ಅಂತ. ಒಳಗೆ ತಂದವರ ಫೋಟೊ ತೆಗೆದಿಡುತ್ತಿದ್ದರು. ಆ ಮುಖಗಳು ಇವತ್ತು ಸಾಲುಸಾಲಾಗಿ ನಮ್ಮನ್ನೇ ನೋಡುತ್ತವೆ. ಕಡಿಮೆಯೆಂದರೂ 14,000 ಜನ. 1979ರ ಜನವರಿಯಲ್ಲಿ ವಿಯೆಟ್ನಾಂ ಸೇನೆ ಬಂದಾಗ ಅಲ್ಲಿ ಜೀವ ಉಳಿಸಿಕೊಂಡಿದ್ದವರು ಬೆರಳೆಣಿಕೆಯಷ್ಟು.

ಹೊರಗೆ ಬಂದಾಗ ಗುಂಪಿನ ಹಿರಿಯರೊಬ್ಬರು, 'ಆಂಕೋರ್ ನೋಡ್ಕೊಂಡು ಹಾಗೇ ವಾಪಸ್ ಹೋಗಿದ್ರೆ ಚೆನ್ನಾಗಿತ್ತಪ್ಪ. ಇದೆಲ್ಲ ಇವರ ಮನೆ ವಿಷಯ' ಅಂದರು. ಒಳ್ಳೆಯ ಮನುಷ್ಯ, ಮನಸ್ಸಿಗೆ ತಡೆದುಕೊಳ್ಳಲಾಗದೆ ಅಂದದ್ದು. ಆದರೂ ಲೆಕ್ಕ ಕೂಡಿಬರಲಿಲ್ಲ. ದೇವಸ್ಥಾನ ನಮ್ಮದು, ಜೈಲು ಅವರದು?

ಖ್ಮೇರ್ ರೂಜ್‌ನವರ ಕೆಂಪು ಬಾವುಟದ ಮೇಲೂ ಇದ್ದದ್ದು ಆಂಕೋರ್‌ವಾಟ್‌ನ ಗೋಪುರಗಳೇ. ಅದನ್ನು ಕಟ್ಟಿದ ಜನ ಏನನ್ನಾದರೂ ಮಾಡಬಲ್ಲರು ಅನ್ನೋದು ಪೋಲ್ ಪಾಟ್ ಭಾಷಣದಲ್ಲೂ ಬಂದ ಮಾತು. ಅಂದರೆ 'ನಮ್ದೇ' ಅಂತ ಎದೆ ತಟ್ಟಿಕೊಂಡವರ ಸಾಲಿನಲ್ಲಿ ಅವರೂ ಇದ್ದರು. ಇನ್ನು ಸಿಯೆಮ್ ರೀಪ್‌ನಲ್ಲಿ ಬಫೆ ಊಟದ ಜೊತೆ ನಾವು ಚಪ್ಪಾಳೆ ತಟ್ಟಿದ ರಾಮಾಯಣದ ನೃತ್ಯ? ಆ ಕಲೆಯ ಗುರುಗಳಲ್ಲಿ ಬಹುಪಾಲು ಮಂದಿ ಅದೇ ವರ್ಷಗಳಲ್ಲಿ ಸತ್ತರು. ಉಳಿದ ಕೆಲವರು ಮಕ್ಕಳನ್ನು ಕೂರಿಸಿಕೊಂಡು, ನೆನಪಿದ್ದಷ್ಟು ಮುದ್ರೆಗಳನ್ನು ಮತ್ತೆ ಕಲಿಸಿದ್ದರಿಂದ ನಮಗೆ ಆ ರಾತ್ರಿ ರಾಮ ಕಂಡ. ಯಾವತ್ತೋ ಇಲ್ಲಿಂದ ಹೋದ ಕಥೆಗೆ ನಾವು ಹೆಮ್ಮೆಪಡಬಹುದು, ಸರಿ. ಅದನ್ನು ಕಾಪಾಡಿಕೊಂಡವರ ಕಷ್ಟ ಕೇಳುವಾಗ ಮಾತ್ರ ಹೊರಗಿನವರಾಗೋದು ಯಾವ ನ್ಯಾಯ?

ನೀವು ಕೇಳಬಹುದು: ಹಾಗಂತ ಅವರ ದುಃಖವೂ ನಮ್ಮದು ಅನ್ನೋಕಾಗುತ್ತಾ? ಆಗಲ್ಲ. ತಲೆಬುರುಡೆಗಳ ಮುಂದೆ ಮುಖ ಸಪ್ಪಗೆ ಮಾಡ್ಕೊಂಡು ಸೆಲ್ಫಿ ತೆಗೆಯೋರನ್ನೂ ನೋಡಿದೆ, ಅದು ಇನ್ನೊಂದು ಥರದ ಕಬಳಿಕೆ. ನಮ್ಮ ಹಳ್ಳಿಗಳಲ್ಲಿ ಮದುವೆಗೆ ಕರೆದರೆ ಹೋಗ್ತಾರೆ, ಸಾವಿಗೆ ಕರೆಯದಿದ್ದರೂ ಹೋಗ್ತಾರೆ. ಸಾವಿನ ಮನೆಗೆ ಹೋದ ನೆಂಟ ದುಃಖದಲ್ಲಿ ಪಾಲು ಕೇಳಲ್ಲ. ಜಗಲಿ ಮೇಲೆ ಸುಮ್ಮನೆ ಕೂತು ಬರ್ತಾನೆ. ಕಾಂಬೋಡಿಯಾದಲ್ಲಿ ಅಂತರ್ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1986ರಲ್ಲಿ, ನಮ್ಮ ಪುರಾತತ್ವ ಇಲಾಖೆಯವರು ಆಂಕೋರ್‌ವಾಟ್‌ಗೆ ಹೋಗಿ 1993ರವರೆಗೆ ದುರಸ್ತಿ ಮಾಡಿದರು. ಕಲ್ಲುಗಳಿಗೆ ರಾಸಾಯನಿಕ ಹಾಕಿ ತೊಳೆದರು ಅಂತ ಬೈಸಿಕೊಂಡದ್ದೂ ಉಂಟು. ಆದರೂ ಆ ಹೊತ್ತಿಗೆ ಹೋದರಲ್ಲ, ಅದು ನೆಂಟಸ್ತಿಕೆ.

ಮಾರನೇ ದಿನ ಚೊಯೆಂಗ್ ಎಕ್. ಎಸ್-21ರ ಕೈದಿಗಳನ್ನು ಕೊಂದು ಹೂಳುತ್ತಿದ್ದ ಬಯಲು, ಊರಿಂದ ಸುಮಾರು 15 ಕಿಲೋಮೀಟರ್. ಹನ್ನೊಂದು ಜನ ರಷ್ಯನ್ ಮಾರ್ಕೆಟ್ಟಿಗೆ ಶಾಪಿಂಗ್ ಹೋದರು, ಏಳು ಜನ ಇಲ್ಲಿಗೆ ಬಂದೆವು. ಜೋರು ಮಳೆ ಬಂದರೆ ಈಗಲೂ ಮಣ್ಣಿಂದ ಬಟ್ಟೆ ಚೂರು, ಮೂಳೆ ಚೂರು ಮೇಲೆ ಬರುತ್ತವೆ. ಹಾಸನದ ಕಡೆಯ ಅಮ್ಮ ಒಬ್ಬರು, ನಾಲ್ಕು ದಿನವೂ ಎಲ್ಲರಿಗಿಂತ ಜೋರಾಗಿ 'ನಮ್ದೇ' ಅಂದವರು, ಅಲ್ಲಿ ಸೆರಗು ಬಿಗಿಹಿಡಿದು, ಒಂದೊಂದು ಚೂರನ್ನೂ ದಾಟದೆ ಸುತ್ತಿ ಬಳಸಿ ನಡೆದರು. ಒಂದು ಮಾತಿಲ್ಲ. ಹೋಟೆಲಿಗೆ ವಾಪಸ್ ಬಂದಾಗ ಊಟ ರೆಡಿ ಇತ್ತು, ಸಂಜೆ ಫ್ಲೈಟು, ಎಲ್ಲರಿಗೂ ಅವಸರ. 'ನೀವು ಶುರು ಮಾಡಿ, ನಾನು ತಲೆಗೆ ಸ್ನಾನ ಮಾಡ್ದೆ ಊಟಕ್ಕೆ ಕೂರಲ್ಲ' ಅಂತ ರೂಮಿಗೆ ಹೋದರು. ಟೇಬಲ್ ಹತ್ತಿರ ಒಬ್ಬಿಬ್ಬರು ನಕ್ಕರು. ಹಿರಿಯರು ಮಾತ್ರ ಚಮಚ ಕೆಳಗಿಟ್ಟು, ಅವರು ಬರುವವರೆಗೂ ಕಾದರು.