ದಾಕ್ಷಿಣ್ಯ ಮತ್ತು ಬಾಕಿ

ಮುಂಬಯಿಯಂತಹ ನಗರದಲ್ಲಿ ಚಿಕ್ಕದೊಂದು ಹೋಟೆಲನ್ನೋ ಅಂಗಡಿಯನ್ನೋ ನಡೆಸಿಕೊಂಡು ಬಂದಿರುವ ನಮ್ಮಂಥವರಿಗೆ ಒಂದು ಮಾತು ಬಾಯಿಪಾಠವಾಗಿರುತ್ತದೆ: ವ್ಯವಹಾರ ನಿಂತಿರುವುದು ಸಂಬಂಧದ ಮೇಲೆ. ಹಾಲಿನವರು, ತರಕಾರಿಯವರು, ಎಲೆಯವರು, ಜಾಗದ ಮಾಲಿಕರು, ಬೆಳಗಿನ ಖಾಯಂ ಗಿರಾಕಿಗಳು – ಇವರೆಲ್ಲರೊಡನೆ ನಗುನಗುತ್ತ ಮಾತಾಡಿ, ದೀಪಾವಳಿಗೊಂದು ಸಿಹಿಯ ಪೊಟ್ಟಣ ಕಳುಹಿಸಿದರೆ ಸಂಬಂಧವನ್ನು ಉಳಿಸಿಕೊಂಡೆವೆಂದು ತಿಳಿಯುತ್ತೇವೆ. ಅದು ನಿಜವೇ ಎಂದು ಕೇಳಿಕೊಳ್ಳುವ ಪ್ರಸಂಗ ನಮಗೊಮ್ಮೆ ಬಂತು.

2020ರ ಮಾರ್ಚ್ ತಿಂಗಳಲ್ಲಿ ದೇಶವೇ ಬಾಗಿಲು ಹಾಕಿಕೊಂಡಾಗ ನಮ್ಮ ಹೋಟೆಲೂ ಮುಚ್ಚಿತು. ಕೈಯಲ್ಲಿದ್ದ ಹಣ ಸ್ವಲ್ಪ, ಕೊಡಬೇಕಾದವರು ಅನೇಕರು. ಜಾಗದ ಮಾಲಿಕರು ದಿನಕ್ಕೆರಡು ಸಲ ಫೋನು ಮಾಡಿದರು, ಅವರಿಗೆ ಕೊಟ್ಟೆವು. ಎಣ್ಣೆಯ ವ್ಯಾಪಾರಿ ಮುಂದೆ ಮಾಲು ಕೊಡುವುದಿಲ್ಲವೆಂದು ಗದರಿಸಿದರು, ಅವರಿಗೂ ಕೊಟ್ಟೆವು. ವಸಾಯಿಯ ತೋಟಗಳಿಂದ ನಮಗೆ ಬಾಳೆಲೆ ತಂದುಕೊಡುತ್ತಿದ್ದವರು ನಮ್ಮ ಊರ ಕಡೆಯವರೇ. ಹದಿನೆಂಟು ವರ್ಷದ ಬಳಕೆ. ನಮ್ಮ ಮನೆಯ ಮದುವೆಯಲ್ಲಿ ತಾವೇ ನಿಂತು ಪಂಕ್ತಿಗೆ ಎಲೆ ಹಾಕಿದವರು. 'ಅವರು ನಮ್ಮವರು, ಕಾಯುತ್ತಾರೆ' ಎಂದುಕೊಂಡೆವು.

ಅವರು ಕಾದರು. ಏಳು ತಿಂಗಳು ಕಾದರು. ಫೋನು ಮಾಡಿದಾಗಲೆಲ್ಲ ನಮ್ಮ ಆರೋಗ್ಯವನ್ನು ವಿಚಾರಿಸಿದರೇ ಹೊರತು ಬಾಕಿಯ ಮಾತೆತ್ತಲಿಲ್ಲ. ನಡುವೆ ಪಾರ್ಸೆಲ್ ವ್ಯಾಪಾರ ಶುರುವಾಗಿ ನಮ್ಮ ಕೈಯಲ್ಲಿ ನಾಲ್ಕು ಕಾಸು ಓಡಾಡಿತ್ತು. ಆಗ ಅವರ ಬಾಕಿ ನೆನಪಾಗಲಿಲ್ಲವೆಂದರೆ ಸುಳ್ಳಾದೀತು. ನೆನಪಾದಾಗಲೆಲ್ಲ ಮುಂದೂಡಿದೆವು. ಅಕ್ಟೋಬರದಲ್ಲಿ ಹೋಟೆಲುಗಳಲ್ಲಿ ಕುಳಿತು ಉಣ್ಣಲು ಅನುಮತಿ ಸಿಕ್ಕಿ, ಮತ್ತೆ ಎಲೆ ಬೇಕಾದಾಗಲೇ ಅವರನ್ನು ಕರೆದೆವು. ತೋಟದವರಿಗೆ ಕೊಡಬೇಕಾದುದನ್ನು ಅವರು ಬಡ್ಡಿಗೆ ಸಾಲ ತಂದು ತೀರಿಸಿದ್ದರೆಂಬುದು ಆಗ ಬೇರೆಯವರ ಬಾಯಿಂದ ತಿಳಿಯಿತು.

ಬೈದವರಿಗೆ ಮೊದಲು ಕೊಟ್ಟೆವು, ನಂಬಿದವರಿಗೆ ಕೊನೆಗೆ. ಇದು ನಮ್ಮೊಬ್ಬರ ಕಥೆಯಲ್ಲವೆಂದು ತೋರುತ್ತದೆ. ತಮ್ಮ ತಮ್ಮ ಖಾತೆ ಪುಸ್ತಕ ತೆರೆದು ನೋಡಿದರೆ, ಹಳೆಯ ಬಾಕಿಗಳ ಎದುರು ಇರುವ ಹೆಸರುಗಳು ಹೆಚ್ಚಾಗಿ ದಾಕ್ಷಿಣ್ಯದವರದೇ ಆಗಿರುತ್ತವೆ.

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ಸ್ನೇಹವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ: ಉಪಯೋಗಕ್ಕಾಗಿ ಕೂಡಿದ್ದು, ಸಂತೋಷಕ್ಕಾಗಿ ಕೂಡಿದ್ದು, ಗುಣಕ್ಕೆ ಮೆಚ್ಚಿ ಕೂಡಿದ್ದು. ದೂರು ಜಗಳಗಳು ಹೆಚ್ಚಾಗಿ ಹುಟ್ಟುವುದು ಮೊದಲನೆಯ ಬಗೆಯಲ್ಲಿ ಎನ್ನುತ್ತಾನೆ ಆತ. ಅದಕ್ಕೆ ಆತ ಕೊಡುವ ಕಾರಣ ವಿಚಾರಯೋಗ್ಯವಾದುದು. ಸಂಬಂಧವನ್ನು ಕಟ್ಟುವಾಗ ಇದ್ದ ಭಾವ ಒಂದು, ಬಿಡಿಸಿಕೊಳ್ಳುವಾಗ ತೋರುವ ಭಾವ ಇನ್ನೊಂದಾದರೆ ಮನಸ್ಸು ಮುರಿಯುತ್ತದೆ. ನಾವು ಮಾಡಿದ್ದೂ ಅದನ್ನೇ. ಎಲೆ ಕೊಳ್ಳುವಾಗ ವ್ಯಾಪಾರಿಗಳಾಗಿ ನೂರಕ್ಕೆ ಇಷ್ಟೆಂದು ಚೌಕಾಶಿ ಮಾಡಿದೆವು. ಹಣ ಕೊಡುವಾಗ ಮಾತ್ರ ಬಂಧುಗಳಾಗಿಬಿಟ್ಟೆವು.

ಕಾನೂನು ಇದೆಯಲ್ಲ ಎನ್ನಬಹುದು. ಚಿಕ್ಕ ಉದ್ದಿಮೆಗಳ ಹಿತಕ್ಕಾಗಿ ಬಂದ 2006ರ ಕಾಯಿದೆಯು, ಅವುಗಳಿಂದ ಮಾಲು ಪಡೆದವರು ಯಾವ ಕರಾರಿನ ನೆಪದಿಂದಲೂ 45 ದಿನ ಮೀರಿ ಹಣವನ್ನು ತಡೆಹಿಡಿಯಬಾರದೆಂದು ವಿಧಿಸಿತು. ಆದರೆ ಹೆಗಲ ಮೇಲೆ ಎಲೆಯ ಕಟ್ಟು ಹೊತ್ತು ತರುವವರು ಯಾವ ಕಚೇರಿಯ ಮೆಟ್ಟಿಲು ಹತ್ತುತ್ತಾರೆ? ಇನ್ನು 1963ರ ಕಾಲಮಿತಿ ಕಾಯಿದೆಯಂತೆ, ಮಾರಿದ ಮಾಲಿನ ಬಾಕಿಗೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ದಾವೆ ಹೂಡಬೇಕು. ಆದರೂ 1872ರ ಕರಾರು ಕಾಯಿದೆಯಲ್ಲಿ ಒಂದು ಸೊಗಸಾದ ಮಾತಿದೆ: ಅವಧಿ ಮೀರಿದ ಸಾಲವನ್ನೂ ತೀರಿಸುವೆನೆಂದು ಸಾಲಗಾರನು ಬರೆದು ಸಹಿ ಹಾಕಿಕೊಟ್ಟರೆ, ಆ ವಚನವು ಸಿಂಧುವಾಗುತ್ತದೆ. ಅಂದರೆ ಕಾಲಕ್ಕೆ ಸವೆಯುವುದು ದಾವೆಯ ಹಕ್ಕು, ಕೊಡಬೇಕೆಂಬ ಹೊಣೆಯಲ್ಲ. ಕಾನೂನಿಗೂ ತಿಳಿದಿರುವ ಈ ಭೇದ ನಮಗೆ ತಿಳಿಯದೆ ಹೋಗಬಾರದು.

ಕಷ್ಟಕಾಲದಲ್ಲಿ ಎಲ್ಲರಿಗೂ ಕೊಡುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕೊಡಲಾಗದಿರುವುದು ತಪ್ಪಲ್ಲ. ಕೇಳದೆಯೇ ಕಾಯಿಸುವುದು ತಪ್ಪು. 'ಇಷ್ಟು ಬಾಕಿಯಿದೆ, ಈಗ ಕಾಲು ಭಾಗ ಕೊಡಬಲ್ಲೆವು, ಉಳಿದುದಕ್ಕೆ ನಿಮಗೆ ತಡೆಯಲಾದೀತೇ?' ಎಂದು ಒಂದು ಮಾತು ಕೇಳಿದ್ದರೆ ಅವರು ಬಡ್ಡಿಯ ಸಂಗತಿಯನ್ನು ಹೇಳುತ್ತಿದ್ದರೇನೋ. ಕೇಳಿ ಪಡೆದ ಕಾಲಾವಕಾಶ ಉಪಕಾರ. ಕೇಳದೆ ಪಡೆದದ್ದು ಕಸಿದುಕೊಂಡಂತೆ. ಊರಿನಿಂದ ಕರೆತಂದ ಹುಡುಗರ ಪಗಾರದ ವಿಷಯದಲ್ಲೂ ಈ ಮಾತು ಸಲ್ಲುತ್ತದೆ.

ಪರಊರಿಗೆ ಬಂದ ನಮಗೆ 'ನಮ್ಮವರು' ಎಂಬ ಶಬ್ದ ಸಣ್ಣದಲ್ಲ. ಟ್ರಂಕು ಹಿಡಿದು ಇಳಿದವರಿಗೆ ಮಲಗಲು ಜಾಗ, ಮೊದಲ ಕೆಲಸ, ಮೊದಲ ಉದ್ರಿ ದೊರಕಿದ್ದು ಆ ಶಬ್ದದ ಬಲದಿಂದ. ಅದು ಹಿರಿಯರು ಕೂಡಿಟ್ಟ ಬಂಡವಾಳ. ಅದನ್ನು ನಮ್ಮ ಅನುಕೂಲಕ್ಕೆ ಒಮ್ಮೆ ದುರುಪಯೋಗ ಮಾಡಿದರೆ, ನಾಳೆ ಇಳಿಯುವವರಿಗೆ ಅಷ್ಟು ಕಡಿಮೆ ಉಳಿಯುತ್ತದೆ.

ನಾವು ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸಿ ಕ್ಷಮೆ ಬೇಡಿದೆವು, ಬಡ್ಡಿಯನ್ನೂ ಮುಂದಿಟ್ಟೆವು. ಅವರು ಅಸಲನ್ನು ಎಣಿಸಿಕೊಂಡು ಬಡ್ಡಿಯನ್ನು ಮೇಜಿನ ಮೇಲೆಯೇ ಬಿಟ್ಟರು. ಚಹಾ ಕುಡಿದರು, ಮಕ್ಕಳ ಓದಿನ ವಿಚಾರ ಕೇಳಿದರು. ಎಲೆ ಈಗಲೂ ಅವರಿಂದಲೇ ಬರುತ್ತದೆ, ಮೊದಲಿನ ಹಾಗೆಯೇ ಹಸಿರಾಗಿ, ಹರಿಯದೆ. ಆದರೆ ಅಂದಿನಿಂದ ಅವರು ಖಾತೆ ಬರೆಯುವುದಿಲ್ಲ. ಕಟ್ಟು ಇಳಿಸಿ, ಬಾಗಿಲಲ್ಲಿ ನಿಂತು, ನಗದು ಪಡೆದು ಹೋಗುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ದಿನವೂ ಬೆಳಿಗ್ಗೆ ಆ ಹಣ ಎಣಿಸಿಕೊಡುವಾಗ, ತೀರಿಸಲಾಗದ ಬಾಕಿಯೊಂದು ಉಳಿದೇ ಇದೆಯೆಂದು ನಮಗೆ ಅನಿಸುತ್ತದೆ.