ದಿಗ್ವ್ರತವೂ ಬೇಸಿಗೆಯ ಪ್ರವಾಸವೂ

ಗೃಹಸ್ಥನಾದ ಶ್ರಾವಕನಿಗೆ ಹೇಳಿರುವ ಹನ್ನೆರಡು ವ್ರತಗಳಲ್ಲಿ ದಿಗ್ವ್ರತದಷ್ಟು ಸುಲಭವಾಗಿ ಸ್ವೀಕೃತವಾಗುವ, ಸ್ವೀಕರಿಸಿದ ಬಳಿಕ ಅಷ್ಟೇ ಸುಲಭವಾಗಿ ಮರೆವಿಗೆ ಸಲ್ಲುವ ವ್ರತ ಬೇರೊಂದಿಲ್ಲ. ಉಪವಾಸ ಹಿಡಿದವನನ್ನು ಹಸಿವೆಯೇ ಗಳಿಗೆಗೊಮ್ಮೆ ಎಚ್ಚರಿಸುತ್ತದೆ. ರಾತ್ರಿಭೋಜನ ತ್ಯಾಗ ಮಾಡಿದವನಿಗೆ ಸೂರ್ಯಾಸ್ತವೇ ಸೂಚನೆ. ಹತ್ತು ದಿಕ್ಕುಗಳಿಗೆ ಎಲ್ಲೆ ಹಾಕಿಕೊಂಡವನಿಗೆ ಅಂಥ ಕಾವಲು ಯಾವುದೂ ಇಲ್ಲ. ಊರು ಬಿಟ್ಟು ಹೊರಡುವ ಪ್ರಸಂಗ ಬರುವವರೆಗೂ ವ್ರತ ಪೆಟ್ಟಿಗೆಯೊಳಗಿನ ಪತ್ರದಂತೆ ಮಲಗಿರುತ್ತದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತದ ಐದು ಅತಿಚಾರಗಳನ್ನು ಎಣಿಸುವಾಗ, ಹಾಕಿಕೊಂಡ ಎಲ್ಲೆಯನ್ನೇ ಮರೆಯುವ ಸ್ಮೃತ್ಯಂತರಾಧಾನವನ್ನೂ ಸೇರಿಸಿದ್ದಾರೆ.

ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಒಂದು ಶ್ರಾವಕ ಕುಟುಂಬವನ್ನು ಈ ವಿಚಾರಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಮನೆಯ ಹಿರಿಯರು 2006ರ ಮಹಾಮಸ್ತಕಾಭಿಷೇಕದ ಕಾಲದಲ್ಲಿ ಶ್ರವಣಬೆಳಗೊಳದಲ್ಲಿ ಮುನಿಗಳ ಸಮಕ್ಷಮದಲ್ಲಿ ದಿಗ್ವ್ರತವನ್ನು ಕೈಗೊಂಡವರು. ಪಶ್ಚಿಮಕ್ಕೆ ಕಾರ್ಕಳದ ಗೊಮ್ಮಟನವರೆಗೆ, ಉತ್ತರಕ್ಕೆ ಕೃಷ್ಣಾನದಿಯವರೆಗೆ, ಹೀಗೆ ಎಲ್ಲ ದಿಕ್ಕಿಗೂ ಗುರುತು ಇಟ್ಟುಕೊಂಡರು. ಊರ್ಧ್ವದಿಕ್ಕಿಗೆ, ಬೆಟ್ಟವೇರುವುದಾದರೆ ಬುಡದಿಂದ ವಿಂಧ್ಯಗಿರಿಯಷ್ಟು, ಎಂದರೆ ಸುಮಾರು 470 ಅಡಿ ಎತ್ತರವೇ ಎಲ್ಲೆ. ಸಿದ್ಧಕ್ಷೇತ್ರಗಳ ವಂದನೆಗೆ ಮಾತ್ರ ವಿನಾಯಿತಿ. ಇಷ್ಟು ವರ್ಷ ಕಬ್ಬಿನ ಗದ್ದೆ, ಮದ್ದೂರಿನ ಸಂತೆ, ವರ್ಷಕ್ಕೊಮ್ಮೆ ಬೆಳಗೊಳ, ಆಗಾಗ ತಾಲ್ಲೂಕಿನಲ್ಲೇ ಇರುವ ಅರೆತಿಪ್ಪೂರಿನ ಬೆಟ್ಟ, ಇಷ್ಟರಲ್ಲೇ ಅವರ ಬಾಳು ಸಾಗಿದುದರಿಂದ ವ್ರತಕ್ಕೆ ಪರೀಕ್ಷೆ ಒದಗಲೇ ಇಲ್ಲ.

ಪರೀಕ್ಷೆ ಒದಗಿದ್ದು ಮಕ್ಕಳ ಬೇಸಿಗೆ ರಜೆಯಲ್ಲಿ. ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಮನೆಮಂದಿಯೆಲ್ಲ ಹೋಗಿಬರಬೇಕೆಂದು ಮೊಮ್ಮಕ್ಕಳು ಹಟ ಹಿಡಿದರು. ನಾಗಮಂಗಲ, ಹಾಸನ, ಬೇಲೂರು, ಕೊಟ್ಟಿಗೆಹಾರದ ಮೇಲೆ ಕಳಸಕ್ಕೆ ಹೋಗಿ ತಂಗುವುದು. ಒಂದು ದಿನ ಶಿಖರವನ್ನೇರುವುದು. ಮರುದಿನ ಕಾಡಿನ ನಡುವಣ ರಸ್ತೆಯಲ್ಲಿ ಘಟ್ಟವಿಳಿದು ಕಾರ್ಕಳದಲ್ಲಿ 1432ರ ಬಾಹುಬಲಿಯ ದರ್ಶನ ಮಾಡಿ ಹಿಂದಿರುಗುವುದು. ಮಗನು ಈ ಯೋಜನೆಯನ್ನು ತಂದೆಯ ಮುಂದಿಟ್ಟನು. ಹಿಂದಿನವರಿಗೆ ಯೋಜನವೆಂಬುದು ದಾರಿಯ ಅಳತೆಯಾಗಿತ್ತು, ಅದರಿಂದ ಎಲ್ಲೆಯನ್ನು ಗೊತ್ತುಮಾಡುತ್ತಿದ್ದರು. ಇಂದಿನವರ ಯೋಜನೆ ಬಹುಮಟ್ಟಿಗೆ ಎಲ್ಲೆಯನ್ನು ದಾಟುವುದಕ್ಕೇ ಹುಟ್ಟುತ್ತದೆ.

ಶಿಖರವೋ ಸಮುದ್ರಮಟ್ಟದಿಂದ ಸುಮಾರು 1,890 ಮೀಟರು. ಬುಡದ ಮುಳ್ಳೋಡಿಯಿಂದ ಹೋಗಿಬರಲು ಸುಮಾರು 20 ಕಿಲೋಮೀಟರಿನ ನಡಿಗೆ. ಹಿರಿಯರಿಗೆ ಅರುವತ್ತಾರು ವಯಸ್ಸು, ಕಾಲಿನಲ್ಲಿ ಶಕ್ತಿಯಿದೆ, ಮನಸ್ಸಿನಲ್ಲಿ ಆಸೆಯೂ ಇದೆ. “ಅಪ್ಪಾಜಿ, ಉತ್ತರದಲ್ಲಿ ಕೃಷ್ಣೆಯವರೆಗೆ ಜಾಗವಿದೆ, ನೀವು ಅತ್ತ ಹೋಗುವುದೇ ಇಲ್ಲ. ಅದನ್ನು ತುಂಗಭದ್ರೆಗೆ ಇಳಿಸಿ, ಮೇಲಕ್ಕೆ ಸ್ವಲ್ಪ ಏರಿಸಿಕೊಂಡರೆ ಲೆಕ್ಕ ಸರಿಯಾಗುವುದಿಲ್ಲವೆ?” ಎಂದು ಮಗನು ಕೇಳಿದನು. ವ್ಯಾಪಾರದ ದೃಷ್ಟಿಯಿಂದ ಲೆಕ್ಕವೇನೋ ಸರಿಯೇ. ಆದರೆ ಇದೇ ಕ್ಷೇತ್ರವೃದ್ಧಿ. ಐದು ಅತಿಚಾರಗಳಲ್ಲಿ ಇದೂ ಒಂದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ಅತಿಚಾರವನ್ನು ವಿವರಿಸುವಾಗ ಹೆಜ್ಜೆಯ ಮಾತನ್ನು ಎತ್ತುವುದಿಲ್ಲ. ಲೋಭದ ವಶದಿಂದ ಹೆಚ್ಚಿನದಕ್ಕೆ ಮಾಡುವ ಅಭಿಸಂಧಿಯನ್ನೇ, ಎಂದರೆ ಸಂಕಲ್ಪವನ್ನೇ, ದೋಷವೆಂದಿದ್ದಾರೆ. ಊರ್ಧ್ವಾತಿಕ್ರಮಕ್ಕೆ ಅವರು ಕೊಟ್ಟ ನಿದರ್ಶನವೂ ಪರ್ವತಾರೋಹಣವೇ. ಕನ್ನಡ ನಾಡಿನ ಆಚಾರ್ಯರು ಹದಿನೈದು ಶತಮಾನಗಳ ಹಿಂದೆ ಬರೆದ ಮಾತು ಸೋಮನಹಳ್ಳಿಯ ಜಗಲಿಯ ಮೇಲಿನ ಈ ಸಂಭಾಷಣೆಗೆ ಹೀಗೆ ನೇರವಾಗಿ ತಾಕುತ್ತದೆ.

ಸಿದ್ಧಕ್ಷೇತ್ರಕ್ಕೆ ವಿನಾಯಿತಿಯಿರುವಾಗ ಈ ಬೆಟ್ಟಕ್ಕೆ ಏಕಿಲ್ಲವೆಂಬ ಪ್ರಶ್ನೆಯೂ ಬಂದಿತು. ಸಮ್ಮೇದ ಶಿಖರದ ವಿಷಯದಲ್ಲಿ ನಡೆದುದನ್ನು ಇಲ್ಲಿ ನೆನೆಯುವುದು ಉಚಿತ. 2019ರ ಅಧಿಸೂಚನೆಯೊಂದು ಆ ಪರ್ವತದ ಪರಿಸರದಲ್ಲಿ ಪ್ರವಾಸೋದ್ಯಮಕ್ಕೆ ಎಡೆಗೊಡುತ್ತದೆಂದು ದೇಶದ ಜೈನ ಸಮಾಜವು ಬೀದಿಗಿಳಿದು ಪ್ರತಿಭಟಿಸಿತು. 2023ರ ಜನವರಿ 5ರಂದು ಕೇಂದ್ರ ಸರ್ಕಾರ ಅಂಥ ಚಟುವಟಿಕೆಗಳಿಗೆ ತಡೆಹಾಕಿತು. ನಮ್ಮ ಗಿರಿ ವಿಹಾರದ ತಾಣವಾಗಬಾರದೆಂದು ಕೇಳಿದವರು ಇನ್ನೊಂದು ಗಿರಿಯನ್ನು ವಿಹಾರದ ತಾಣವಾಗಿ ಬಳಸುವಾಗ ಕೊಂಚ ಸಂಕೋಚಪಡಬೇಕಾಗುತ್ತದೆ. ಕುದುರೆಮುಖದಲ್ಲಿ ನಮ್ಮ ತೀರ್ಥಂಕರರ ಚರಣಗಳಿಲ್ಲ, ನಿಜ. ಆದರೆ ಸಿಂಗಳೀಕವಿದೆ, ಶೋಲಾ ಕಾಡಿದೆ, ತಲೆಮಾರುಗಳಿಂದ ಬಾಳಿದ ಮಲೆಕುಡಿಯರಿದ್ದಾರೆ; ತುಂಗೆ, ಭದ್ರೆ, ನೇತ್ರಾವತಿಗಳ ಉಗಮ ಅಲ್ಲಿಯೇ. 1976ರಲ್ಲಿ ಸ್ಥಾಪಿತವಾದ ಅದಿರಿನ ಕಂಪನಿ ಅದೇ ಮಲೆಯನ್ನು ವರ್ಷಾನುಗಟ್ಟಲೆ ಅಗೆದು, ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಗಣಿಯನ್ನು ನಿಲ್ಲಿಸಿತು. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಸಾರಲಾದ ಸುಮಾರು 600 ಚದರ ಕಿಲೋಮೀಟರಿನ ಆ ಪ್ರದೇಶ ಸರ್ಕಾರವು ಮನುಷ್ಯನ ಕಾಲಿಗೆ ಹಾಕಿದ ಎಲ್ಲೆಯೇ ಆಗಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ದಿಗ್ವ್ರತದ ಗಡಿಗಳಾಗಬಲ್ಲವನ್ನು ಹೇಳುವಾಗ ಸಮುದ್ರ, ನದಿಗಳ ಜೊತೆಗೆ ಅಡವಿಯನ್ನೂ ಗಿರಿಯನ್ನೂ ಹೆಸರಿಸಿದ್ದಾರೆ. ಅಂದು ಬೆಟ್ಟವನ್ನು ಕಂಡರೆ ಇಲ್ಲಿಗೆ ಸಾಕೆಂದು ನಿಲ್ಲುತ್ತಿದ್ದರು. ಇಂದು ಬೆಟ್ಟವನ್ನು ಕಂಡರೆ ಹೊರಡುತ್ತಾರೆ.

ಹಾಗಾದರೆ ಪ್ರವಾಸವೇ ಪಾಪವೆ? ಅನರ್ಥದಂಡದ ಐದು ಭೇದಗಳಲ್ಲಿ ಪ್ರಮಾದಚರ್ಯೆಯೆಂಬುದು ಒಂದು. ನಿಷ್ಫಲವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕೀಳುವುದು, ಇವುಗಳೊಡನೆ ಸುಮ್ಮನೆ ಸುತ್ತುವುದನ್ನೂ ಸುತ್ತಿಸುವುದನ್ನೂ ಅದೇ ಗ್ರಂಥ ಸೇರಿಸಿದೆ. ಕೆಲವು ಹಿರಿಯರು ಇದನ್ನು ಹಿಡಿದು ಮಕ್ಕಳನ್ನು ಮನೆಯಿಂದ ಕದಲಗೊಡುವುದಿಲ್ಲ. ಅದು ಅತಿಯಾಯಿತು. ತಪ್ಪು ಇರುವುದು ಪ್ರಮಾದದಲ್ಲಿ. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಜೀವರಾಶಿಯನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ ಮಗುವು ಒಂದೇ ಮರದ ತೊಗಟೆಯಲ್ಲಿ ಅವುಗಳಲ್ಲಿ ನಾಲ್ಕನ್ನು ಕಣ್ಣಾರೆ ನೋಡಿದರೆ, ಆ ನಡಿಗೆ ನಿಷ್ಫಲವಲ್ಲ. ಹತ್ತು ಜಾಗಗಳ ಪಟ್ಟಿ ಹಿಡಿದು ಒಂದೊಂದಕ್ಕೂ ಅರ್ಧ ಗಳಿಗೆ ಕೊಟ್ಟು ಓಡುವುದಾದರೆ ಅದು ಸುತ್ತುವುದೂ ಹೌದು, ಸುತ್ತಿಸುವುದೂ ಹೌದು.

ಸಿದ್ಧತೆಯ ಮಾತಿಗೆ ಬಂದರೆ, ವ್ರತವು ಅಡಿಗೆಮನೆಯಿಂದಲೇ ಮೊದಲಾಗುತ್ತದೆ. ಹೊರಗಿನ ಅನ್ನ ಒಲ್ಲದವರು ಒಲೆಯನ್ನು ಹೊತ್ತು ಹೋಗಿ ದಾರಿಯ ಮಗ್ಗುಲಲ್ಲಿ ಬೇಯಿಸುವುದು ರೂಢಿ. ಉದ್ಯಾನದೊಳಗೆ ಬೆಂಕಿ ನಿಷಿದ್ಧ. ಬೇಸಿಗೆಯ ಒಣಹುಲ್ಲಿಗೆ ಒಂದು ಕಿಡಿ ಬಿದ್ದರೆ ಎಷ್ಟು ಜೀವಗಳ ಲೆಕ್ಕ! ಆದ್ದರಿಂದ ಹುರಿಹಿಟ್ಟು, ಅವಲಕ್ಕಿ, ರೊಟ್ಟಿಗಳೇ ಸರಿ. ಹಿಟ್ಟಿಗೆ ಬೇಸಿಗೆಯಲ್ಲಿ ಐದು ದಿನದ ಮರ್ಯಾದೆ. ನೀರನ್ನು ತೊರೆಯಿಂದ ತುಂಬಿಕೊಂಡರೆ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದುದನ್ನು ಅದೇ ತೊರೆಗೆ ಮೆಲ್ಲನೆ ಹಿಂದಿರುಗಿಸಬೇಕು. ಮುಂದಿನ ಊರಿನ ನಲ್ಲಿಯ ಕೆಳಗೆ ತೊಳೆದರೆ ಸೋಸಿದ ಫಲವಿಲ್ಲ. ಪ್ರವಾಸ ಮುಂಗಾರಿನವರೆಗೆ ತಳ್ಳಿಹೋದರೆ ಇನ್ನೊಂದು ತೊಡಕು. ಮಲೆನಾಡಿನ ಜಿಗಣೆಗೆ ಉಪ್ಪಿನ ಪೊಟ್ಟಣವೇ ಮದ್ದೆಂದು ಎಲ್ಲರೂ ಹೇಳಿಕೊಡುತ್ತಾರೆ. ಮಗುವಿನ ಕೈಗೆ ಆ ಪೊಟ್ಟಣವನ್ನಿಡುವುದು ಹಿಂಸಾದಾನವೇ ಸರಿ. ಕಾಲುಚೀಲವನ್ನು ಬಿಗಿಯಾಗಿ ಎಳೆದುಕೊಳ್ಳುವುದು, ಹತ್ತಿದ ಜಿಗಣೆಯನ್ನು ಉಗುರಿನಿಂದ ಮೆಲ್ಲನೆ ಸರಿಸಿ ಬಿಡುವುದು, ಅದಕ್ಕೂ ಆಗದವರು ಮಳೆಗಾಲದಲ್ಲಿ ಹೋಗದಿರುವುದು.

ಇಷ್ಟೆಲ್ಲ ಚರ್ಚೆಯ ನಡುವೆ ಒಬ್ಬರು ಮಾತನಾಡಲಿಲ್ಲ. ಅವರು ಮನೆಯ ಸೊಸೆ. ಮಾವನವರು “ನೀವೆಲ್ಲ ಹೋಗಿಬನ್ನಿ, ನಾನು ಮನೆಯಲ್ಲಿರುತ್ತೇನೆ” ಎಂದು ಮೊದಲು ಹೇಳಿದಾಗ ಎಲ್ಲರೂ ಅದನ್ನು ತ್ಯಾಗವೆಂದು ಕೊಂಡಾಡಿದರು. ಆದರೆ ಅವರು ಮನೆಯಲ್ಲಿ ಉಳಿದರೆ ಶುದ್ಧ ಆಹಾರ ಮಾಡಿಕೊಡಲು ಸೊಸೆಯೂ ಉಳಿಯಬೇಕಲ್ಲ! ಮದುವೆಯಾಗಿ ಬಂದ ಹದಿನಾಲ್ಕು ವರ್ಷಗಳಲ್ಲಿ ತವರು, ಬೆಳಗೊಳ ಬಿಟ್ಟರೆ ಆಕೆ ಬೇರೆ ಊರನ್ನು ಕಂಡವಳಲ್ಲ. ಎಲ್ಲೆ ಹಾಕಿಕೊಂಡವರು ಮಾವ, ಎಲ್ಲೆಯೊಳಗೆ ಉಳಿಯುವವಳು ಸೊಸೆ. ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರ ವ್ರತಗಳ ಭಾರ ಹೀಗೆ ಸದ್ದಿಲ್ಲದೆ ಅಡಿಗೆಮನೆಗೆ ವರ್ಗವಾಗುತ್ತದೆ. ಪುಣ್ಯದ ಲೆಕ್ಕ ಮಾತ್ರ ಜಗಲಿಯಲ್ಲಿ ಉಳಿಯುತ್ತದೆ. ಶಾಸ್ತ್ರದಲ್ಲಿ ಹೇಳಿದ ನಿಯಮ ಸ್ವೀಕರಿಸಿದವನದು. ಅದನ್ನು ನಡೆಸಲು ಬೇಕಾದ ಕಷ್ಟವೂ ಅವನದೇ.

ಹಿರಿಯರಿಗೆ ಇದು ಹೊಳೆಯಲು ಎರಡು ದಿನ ಹಿಡಿಯಿತು. ಕಳಸದವರೆಗೆ, ಅಲ್ಲಿಂದ ಕಾರ್ಕಳದವರೆಗೆ ತಮ್ಮ ಎಲ್ಲೆಯೊಳಗೇ ದಾರಿಯಿರುವಾಗ ಮನೆಯಲ್ಲಿ ಕುಳಿತುಕೊಳ್ಳುವುದಕ್ಕೆ ಶಾಸ್ತ್ರದ ಆಧಾರವಿಲ್ಲ, ಅಭಿಮಾನದ್ದು ಇದ್ದೀತು. ತಾವೂ ಹೊರಡುವುದೆಂದೂ, ಉಳಿದವರು ಬೆಟ್ಟವೇರುವ ದಿನ ತಾವು ತಂಗಿದ ಮನೆಯ ಅಂಗಳವನ್ನೇ ಗಡಿಯಾಗಿ ಮಾಡಿಕೊಂಡು ಸೂರ್ಯಾಸ್ತದವರೆಗೆ ದೇಶವ್ರತದಲ್ಲಿರುವುದೆಂದೂ ನಿಶ್ಚಯಿಸಿದರು. ಮೊಮ್ಮಗನು ಸಂತೋಷದಿಂದ, “ತಾತ, ತುದಿಯಿಂದ ಮೊಬೈಲಿನಲ್ಲಿ ವಿಡಿಯೋ ಕರೆ ಮಾಡಿ ಎಲ್ಲವನ್ನೂ ತೋರಿಸುತ್ತೇನೆ” ಎಂದನು. ದೇಶವ್ರತದ ಅತಿಚಾರಗಳು ಬೇರೆ. ಎಲ್ಲೆಯ ಹೊರಗಿನದನ್ನು ತರಿಸುವುದು, ಆಳನ್ನು ಕಳಿಸಿ ಕೆಲಸ ಮಾಡಿಸುವುದು, ದನಿಯಿಂದಲೋ ತನ್ನ ರೂಪವನ್ನು ತೋರಿಸಿಯೋ ಹೊರಗಿನವರಿಗೆ ಸೂಚನೆ ಕೊಡುವುದು, ಕಲ್ಲನ್ನೆಸೆದು ಗಮನ ಸೆಳೆಯುವುದು. ಕಾಲು ಒಳಗಿದ್ದು ಮನಸ್ಸು ಹೊರಗೆ ವ್ಯವಹರಿಸುವ ಉಪಾಯಗಳನ್ನೆಲ್ಲ ಸೂತ್ರಕಾರರು ಮೊದಲೇ ಕಂಡಿದ್ದರೆನ್ನಬೇಕು. ಹುಡುಗನು ತಾನಾಗಿ ಬಂದು ಸಂಜೆ ವರ್ಣಿಸಿದರೆ ಕೇಳುವುದರಲ್ಲಿ ದೋಷವಿಲ್ಲ. ಗಡಿಯೊಳಗೆ ಕುಳಿತು ಮೊಬೈಲಿನಲ್ಲಿ “ಇನ್ನಷ್ಟು ಆ ಕಡೆ ತಿರುಗಿಸು” ಎಂದು ಹೇಳುತ್ತ ಹೋದರೆ ಶಬ್ದಾನುಪಾತಕ್ಕೆ ಸಮೀಪವಾಯಿತು. ಹಿರಿಯರು ಕರೆ ಬೇಡವೆಂದರು.

ಇನ್ನೊಂದು ಸೂಕ್ಷ್ಮ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆಯವರು ಚಾರಣದ ಹಾದಿಗಳನ್ನು ಮುಚ್ಚುವುದುಂಟು. ತೆರೆದಿದ್ದಾಗಲೂ ದಿನಕ್ಕೆ ಇಷ್ಟೇ ಜನರೆಂಬ ಮಿತಿಯಿದೆ. ಮಗನು ಅದನ್ನು ವಿಚಾರಿಸಿ ತಿಳಿಯುವುದಕ್ಕೆ ಮೊದಲೇ ತಮ್ಮ ತೀರ್ಮಾನವನ್ನು ಹೇಳಿಬಿಡಬೇಕೆಂದು ಹಿರಿಯರು ಆತುರಪಟ್ಟರು. ಅದು ಸರಿಯಾದ ಆತುರ. ಇಲಾಖೆಯ ಗೇಟು ಹಾಕಿದ್ದರಿಂದ ಏರದೆ ಉಳಿದವನಿಗೆ ವಿರತಿಯ ಫಲವೆಲ್ಲಿಯದು? ಊಟವೇ ದೊರೆಯದ ದಿನವನ್ನು ಯಾರೂ ಉಪವಾಸವೆಂದು ಎಣಿಸುವುದಿಲ್ಲ. ಹಾದಿ ಮುಚ್ಚಿದ್ದರೆ ಮಕ್ಕಳು ರಸ್ತೆಯ ಬದಿಯ ತೊರೆ, ಕಾಡುಗಳನ್ನು ನೋಡಿ ತೃಪ್ತರಾಗಲಿ ಎಂದೂ ಅಂದೇ ಗೊತ್ತಾಯಿತು.

ದಿನವನ್ನು ಆರಿಸಿದ್ದು ಸೊಸೆ. ಆಕೆಗೆ ಅಷ್ಟಮಿ, ಚತುರ್ದಶಿಗಳಲ್ಲಿ ಪ್ರೋಷಧೋಪವಾಸ. ವೈಶಾಖ ಶುಕ್ಲದಲ್ಲಿ, ಅಕ್ಷಯತೃತೀಯೆಯ ದಿನ ಮನೆಯ ಕಬ್ಬಿನ ಹಾಲಿನಿಂದ ಆದಿನಾಥರ ಪಾರಣೆಯ ನೆನಪನ್ನು ಮಾಡಿ, ಅಷ್ಟಮಿಯನ್ನು ಊರಿನಲ್ಲೇ ಕಳೆದು, ನವಮಿಯ ಬೆಳಿಗ್ಗೆ ಪಾರಣೆಯಾದ ಮೇಲೆ ಹೊರಡುವುದು. ತ್ರಯೋದಶಿಯ ಸಂಜೆಗೆ ಸೋಮನಹಳ್ಳಿ ಸೇರುವುದು. ಒಟ್ಟು ಐದು ದಿನ, ಹಿಟ್ಟಿನ ಮರ್ಯಾದೆಗೆ ಸರಿಯಾಗಿ. ಹಿಟ್ಟನ್ನು ಹುರಿದು ಬೀಸುವ ಕೆಲಸವನ್ನು ಈ ಸಲ ಮಾವನವರು ತಾವೇ ವಹಿಸಿಕೊಂಡರು.