ಮಣ್ಣಿನ ಋಣ ಮತ್ತು ಮಗುವಿನ ಓದು

ಹೊಲ, ಗುಡ್ಡ ಸುತ್ತುವ ಮಗು ಪಿಯುಸಿ ಮುಗಿಸಿ ಪರಿಸರ ಓದುತ್ತೇನೆಂದರೆ, ಸಿಂಧನೂರು, ಲಿಂಗಸುಗೂರು, ಮಸ್ಕಿಯ ನಮಗೆ ನೆನಪಾಗುವುದು 1985ರಲ್ಲಿ ಆರಂಭವಾದ ಶಿರಸಿಯ ಅರಣ್ಯ ಕಾಲೇಜು. ಸರಿಯೇ, ಮಲೆನಾಡಿನ ಕಾಡೇ ಅಲ್ಲಿ ಪಾಠಶಾಲೆ. ಆದರೆ ಕಾಡಿದ್ದಲ್ಲಿ ಮಾತ್ರ ಪರಿಸರವಿದೆಯೇ?

1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಸಿಂಧನೂರಿಗೆ ಭತ್ತ ತಂದಿತು. ನೀರು ಅತಿಯಾದಲ್ಲಿ ಸವಳು, ಜವಳನ್ನೂ ತಂದಿತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನ ತೆಗೆದುಳಿದ ಮಣ್ಣಿನ ದಿಬ್ಬಗಳಿವೆ. ಕೆಟ್ಟ ಮಣ್ಣನ್ನು ಸರಿಪಡಿಸುವ ವಿದ್ಯೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲೇ ಸಿಗುತ್ತದೆ.

ಹಾಗೆಂದು ಮಗುವನ್ನು ಕಟ್ಟಿಹಾಕುವುದು ನ್ಯಾಯವೇ? ಇಲ್ಲ. ಕಾಲುವೆಯ ಅನ್ನ ಉಂಡವರು ನಾವು. ಋಣವೂ ಮೊದಲು ನಮ್ಮದೇ. ಮಗು ತನ್ನ ಇಷ್ಟದ ಕಾಲೇಜನ್ನೇ ಆರಿಸಲಿ. ಈ ನೆಲದ ಸವಳನ್ನು ಒಮ್ಮೆ ತೋರಿಸಿ ಕಳಿಸುವುದಷ್ಟೇ ನಮ್ಮ ಕರ್ತವ್ಯ.